ಮನೆಯ ಅಂತರ್ಜಾಲ ತಡೆತಡೆದು ಬಂದಾಗ

(ಸಂಸ್ಥೆಯ ವಾರ್ಷಿಕ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪಾಲಕರ ಸಭೆಯೆಂದರೆ ಹಾಜರಿ, ಅಭ್ಯಾಸ, ಪರೀಕ್ಷೆಯ ಫಲಿತಾಂಶ ಈ ಮೂರು ವಿಷಯಗಳನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ನಾವು ಅವುಗಳನ್ನು ಬದಿಗಿರಿಸಿ, ತಮ್ಮಲ್ಲಿ ಹಲವರ ಮನೆಯ ಗೋಡೆಯ ಮೇಲಿರುವ ಒಂದು ಸಣ್ಣ ಪೆಟ್ಟಿಗೆಯ ವಿಷಯವನ್ನು ಎತ್ತಿಕೊಂಡಿದ್ದೇವೆ. ಆ ಪೆಟ್ಟಿಗೆಯ ಹೆಸರು ರೂಟರ್. ಅದು ನಡೆಯುತ್ತಿರುವಾಗ ಅದರ ನೆನಪು ಯಾರಿಗೂ ಇರುವುದಿಲ್ಲ. ನಿಂತಾಗ ಮಾತ್ರ ಮನೆಮಂದಿಗೆಲ್ಲ ಒಮ್ಮೆಲೇ ನೆನಪಾಗುತ್ತದೆ.

ಇದಕ್ಕೂ ಶಾಲೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ನಮ್ಮ ಮಕ್ಕಳು ಮಹಾರಾಷ್ಟ್ರದ ಅಭ್ಯಾಸಕ್ರಮವನ್ನು ಕನ್ನಡದಲ್ಲಿ ಕಲಿಯುವವರು. ಅವರ ಪಠ್ಯಪುಸ್ತಕಗಳನ್ನು 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯು ಪ್ರಕಟಿಸುತ್ತದೆ. ಆದರೆ ಪಠ್ಯಪುಸ್ತಕದ ಆಚೆಗೆ ಒಂದು ಹೆಜ್ಜೆ ಇಟ್ಟರೆ ತೊಡಕು ಆರಂಭವಾಗುತ್ತದೆ. ಜತ್ತದ ಪೇಟೆಯಲ್ಲಿ ದೊರೆಯುವ ಮಾರ್ಗದರ್ಶಿಗಳ ಅಭ್ಯಾಸಕ್ರಮ ನಮ್ಮದೇ, ಆದರೆ ಭಾಷೆ ಮರಾಠಿ. ವಿಜಯಪುರದ ಪೇಟೆಯಲ್ಲಿ ದೊರೆಯುವವುಗಳ ಭಾಷೆ ನಮ್ಮದೇ, ಆದರೆ ಅಭ್ಯಾಸಕ್ರಮ ಕರ್ನಾಟಕದ್ದು. ಹೀಗೆ ಎರಡು ಪೇಟೆಗಳ ನಡುವೆ ನಿಂತ ನಮ್ಮ ಮಕ್ಕಳಿಗೆ ಅಂತರ್ಜಾಲವು ಮೂರನೆಯ ಪೇಟೆ. ಬಾಲಭಾರತಿಯ ಕನ್ನಡ ಪುಸ್ತಕಗಳು ಅಲ್ಲಿ ಉಚಿತವಾಗಿ ದೊರೆಯುತ್ತವೆ; 2017ರ ಸೆಪ್ಟೆಂಬರ್ 5ರಂದು ಆರಂಭವಾದ ದೀಕ್ಷಾ ಎಂಬ ಶೈಕ್ಷಣಿಕ ವೇದಿಕೆ ಅಲ್ಲಿದೆ. 2020ರ ಮಾರ್ಚ್ ತಿಂಗಳಿನಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಈ ಮಾರ್ಗದ ಬೆಲೆ ಎಷ್ಟೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಆದುದರಿಂದ ಮನೆಯ ನೆಟ್ಟು ತಡೆತಡೆದು ಬರುವುದು ಶಾಲೆಗೆ ಸಂಬಂಧಿಸಿದ ಪ್ರಶ್ನೆಯೇ ಆಗಿದೆ.

ಪೂರ್ತಿ ಕೆಟ್ಟ ಯಂತ್ರವನ್ನು ಸರಿಪಡಿಸುವುದು ಸುಲಭ. ಆಗೊಮ್ಮೆ ಈಗೊಮ್ಮೆ ಕೆಡುವ ಯಂತ್ರವನ್ನು ಸರಿಪಡಿಸುವುದು ಕಠಿಣ. ದಿನ ಬಿಟ್ಟು ದಿನ ಬರುವ ಚಳಿಜ್ವರದಂತೆ ಅದರ ಸ್ವಭಾವ. ರೋಗಿಯನ್ನು ವೈದ್ಯರ ಬಳಿಗೆ ಕರೆದೊಯ್ದಾಗ ಮೈ ತಣ್ಣಗಿರುತ್ತದೆ. ಮನೆಗೆ ಬಂದೊಡನೆ ನಡುಕ ಹತ್ತುತ್ತದೆ. ದುರಸ್ತಿಗೆ ಬಂದ ಕುಶಲಕರ್ಮಿಯ ಕಣ್ಣೆದುರಿಗೆ ನೆಟ್ಟು ನೆಟ್ಟಗೇ ನಡೆಯುತ್ತದೆ. ಆತನು ಓಣಿ ದಾಟುವಷ್ಟರಲ್ಲಿ ನಿಲ್ಲುತ್ತದೆ. ಅಂಥ ಜ್ವರಕ್ಕೆ ವೈದ್ಯರು ಮಾಡುವುದೇನು? ರೋಗಿಯ ಹಾಸಿಗೆಯ ಬಳಿ ಒಂದು ತಖ್ತೆಯನ್ನು ಇಟ್ಟು, ಇಂತಿಷ್ಟು ಹೊತ್ತಿಗೆ ಇಂತಿಷ್ಟು ಜ್ವರವೆಂದು ಬರೆಸುತ್ತಾರೆ. ನಾಲ್ಕು ದಿನಗಳ ಬರಹವೇ ಜ್ವರದ ಜಾತಿಯನ್ನು ಹೇಳಿಬಿಡುತ್ತದೆ. ನಮ್ಮ ಇಂದಿನ ಭಾಷಣದ ಸಾರವೂ ಇಷ್ಟೇ: ಬಂದು ಹೋಗುವ ದೋಷಕ್ಕೆ ಮೊದಲ ಔಷಧ ಬರಹ.

ಒಂದು ನಿದರ್ಶನವನ್ನು ಹೇಳುತ್ತೇವೆ. ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿಯ ಮನೆಯಲ್ಲಿ ನೆಟ್ಟು ದಿನಕ್ಕೆ ಒಂದೆರಡು ಸಲ ಹೋಗಿಬರುತ್ತಿತ್ತು. ಸೇವೆ ಒದಗಿಸುವವರ ಕಡೆಯಿಂದ ಎರಡು ಸಲ ಜನ ಬಂದು ನೋಡಿದರು. ಎರಡೂ ಸಲ ಎಲ್ಲವೂ ಸರಿಯಾಗಿತ್ತು. ಮನೆಯಲ್ಲಿ ತಪ್ಪು ಯಾರ ತಲೆಗೆ ಬಂದಿತು? ಎಲ್ಲರಿಗಿಂತ ಚಿಕ್ಕವಳ ತಲೆಗೆ. “ನೀನೇ ಏನೋ ಒತ್ತಿ ಕೆಡಿಸಿದ್ದಿ” ಎಂದರು. “ತಿಂಗಳಾ ದುಡ್ಡು ದಂಡ, ತೆಗೆಸಿಬಿಡೋಣ” ಎಂದೂ ಮಾತಾಯಿತು. ಶಾಲೆಗೆ ಬಂದು ಆಕೆ ಇದನ್ನು ಹೇಳಿಕೊಂಡಾಗ, ನಮ್ಮ ವಿಜ್ಞಾನದ ಗುರುಗಳು ಆಕೆಗೆ ಒಂದು ಹಳೆಯ ನೋಟುಬುಕ್ಕಿನಲ್ಲಿ ನಾಲ್ಕು ಅಂಕಣಗಳನ್ನು ಗೆರೆಯೆಳೆದು ಕೊಟ್ಟರು: ತಾರೀಖು, ವೇಳೆ, ಪೆಟ್ಟಿಗೆಯ ದೀಪಗಳ ಸ್ಥಿತಿ, ಆ ಹೊತ್ತಿಗೆ ಮನೆಯಲ್ಲಿ ನಡೆದಿದ್ದ ಕೆಲಸ. ಎಂಟು ದಿನಗಳಲ್ಲಿ 11 ಸಲ ನೆಟ್ಟು ನಿಂತಿತ್ತು. ಅವುಗಳಲ್ಲಿ 9 ಸಲ ನಾಲ್ಕನೆಯ ಅಂಕಣದಲ್ಲಿ “ಬೋರಿನ ಮೋಟಾರು ಹಚ್ಚಿದರು” ಎಂದಿತ್ತು. ಮೂರನೆಯ ಅಂಕಣದಲ್ಲಿ “ದೀಪ ಎಲ್ಲಾ ಆರಿ ಮತ್ತೆ ಹತ್ತಿದವು” ಎಂದಿತ್ತು.

ಇನ್ನು ಊಹೆಗೆ ಎಡೆ ಉಳಿಯಲಿಲ್ಲ. ಮೋಟಾರು ತಿರುಗಲಾರಂಭಿಸುವ ಕ್ಷಣದಲ್ಲಿ ಅದು ನಡೆಯುವಾಗಿನ ಪ್ರವಾಹದ ಹಲವು ಪಟ್ಟು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಮನೆಯ ವೋಲ್ಟೇಜು ಕ್ಷಣಕಾಲ ಕುಸಿಯುತ್ತದೆ. ಒಳ್ಳೆಯ ಅಡಾಪ್ಟರು ಆ ಕುಸಿತವನ್ನು ತಾಳಿಕೊಳ್ಳುತ್ತದೆ; ಸವೆದ ಅಡಾಪ್ಟರು ತಾಳಿಕೊಳ್ಳುವುದಿಲ್ಲ. ಪೆಟ್ಟಿಗೆ ಆರಿ, ಮತ್ತೆ ಎದ್ದು, ಸಂಪರ್ಕ ಹಿಡಿಯಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ನೆರೆಮನೆಯಿಂದ ಅದೇ ಅಳತೆಯ ಅಡಾಪ್ಟರನ್ನು ಎರಡು ದಿನದ ಮಟ್ಟಿಗೆ ಎರವಲು ತಂದು ಹಚ್ಚಿ ನೋಡಿದರು; ಮೋಟಾರು ಹಚ್ಚಿದರೂ ನೆಟ್ಟು ಅಲುಗಲಿಲ್ಲ. ಹೊಸ ಅಡಾಪ್ಟರನ್ನು ಕೊಂಡರು. ಆ ಮನೆಯಲ್ಲಿ ಸಂಪರ್ಕ ಉಳಿಯಿತು. ಅದಕ್ಕಿಂತ ಮಿಗಿಲಾಗಿ, ಆ ಹುಡುಗಿಯ ಮೇಲಿನ ಮಾತು ಅಳಿಯಿತು.

ಎಲ್ಲ ಮನೆಗಳ ದೋಷವೂ ಅಡಾಪ್ಟರಿನಲ್ಲಿಯೇ ಇರುತ್ತದೆಂದು ಇದರ ಅರ್ಥವಲ್ಲ. ಆದುದರಿಂದ ನೆಟ್ಟು ಮನೆಗೆ ಬರುವ ದಾರಿಯನ್ನು ಸ್ವಲ್ಪ ತಿಳಿದುಕೊಳ್ಳೋಣ. 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ತೆರೆದಾಗ ಅದು ದೂರವಾಣಿಯ ತಾಮ್ರದ ತಂತಿಯ ಮೇಲೆ ಬರುತ್ತಿತ್ತು. ಇಂದು ಹೆಚ್ಚಾಗಿ ಬರುವುದು ಫೈಬರ್ ಎಂಬ ಗಾಜಿನ ಎಳೆಯೊಳಗೆ. ಶುದ್ಧವಾದ ಗಾಜಿನ ಎಳೆಯಲ್ಲಿ ಬೆಳಕನ್ನು ಬಹುದೂರ ಸಾಗಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೊ ಎಂಬ ವಿಜ್ಞಾನಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಎಳೆಯ ದಪ್ಪ 125 ಮೈಕ್ರಾನ್, ಅರ್ಥಾತ್ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಗ್ರಾಮ ಪಂಚಾಯತಿಗಳ ವರೆಗೆ ಇಂಥ ಎಳೆಯನ್ನು ಒಯ್ಯುವ ಯೋಜನೆಗೆ ಕೇಂದ್ರ ಸರಕಾರವು 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಎಂಬ ಹೆಸರನ್ನು ಪಡೆಯಿತು. ಕಂಬದಿಂದ ಮನೆಗೆ ಬಂದ ಬೆಳಕನ್ನು ಒಂದು ಪೆಟ್ಟಿಗೆ ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುತ್ತದೆ. ರೂಟರು ಅದನ್ನು ರೇಡಿಯೋ ತರಂಗವನ್ನಾಗಿ ಮಾಡಿ ಕೋಣೆಯಲ್ಲಿ ಬೀರುತ್ತದೆ. ಅನೇಕ ಮನೆಗಳಲ್ಲಿ ಈ ಎರಡೂ ಕೆಲಸಗಳನ್ನು ಒಂದೇ ಪೆಟ್ಟಿಗೆ ಮಾಡುತ್ತದೆ. ಆ ತರಂಗವನ್ನು ಹಿಡಿಯುವುದೇ ಫೋನು ಅಥವಾ ಗಣಕಯಂತ್ರ.

ನೀರಿನ ಬವಣೆಯನ್ನು ಬಲ್ಲ ನಮ್ಮ ತಾಲೂಕಿನವರಿಗೆ ಮುಂದಿನ ಮಾತನ್ನು ವಿವರಿಸಬೇಕಾಗಿಲ್ಲ. ನಳದಲ್ಲಿ ನೀರು ಬರದಿದ್ದರೆ ತಾವು ನೇರವಾಗಿ ಬೋರನ್ನು ಅಗೆಯಲು ಹೋಗುವುದಿಲ್ಲ. ಟಾಕಿಯಲ್ಲಿ ನೀರಿದೆಯೇ, ಪೈಪಿನಲ್ಲಿ ಬರುತ್ತಿದೆಯೇ, ನಳವೇ ಕಟ್ಟಿದೆಯೇ ಎಂದು ಒಂದೊಂದಾಗಿ ನೋಡುತ್ತೀರಿ. ನೆಟ್ಟಿನ ವಿಷಯದಲ್ಲಿಯೂ ಅದೇ ಕ್ರಮ.

ಮೊದಲನೆಯ ಪ್ರಶ್ನೆ: ನಿಂತದ್ದು ಒಂದೇ ಫೋನಿನಲ್ಲಿಯೋ, ಮನೆಯ ಎಲ್ಲ ಫೋನುಗಳಲ್ಲಿಯೋ? ಒಂದರಲ್ಲಿ ಮಾತ್ರವಾದರೆ ದೋಷ ಆ ಫೋನಿನದು. ಅದನ್ನು ಆರಿಸಿ ಹಚ್ಚಿರಿ. ವೈ-ಫೈ ಹೆಸರನ್ನು ಅಳಿಸಿ, ಗುಪ್ತಪದವನ್ನು ಹಾಕಿ ಮತ್ತೆ ಸೇರಿಸಿರಿ.

ಎರಡನೆಯ ಪ್ರಶ್ನೆ: ರೂಟರಿನ ಪಕ್ಕದಲ್ಲಿ ನಿಂತಾಗಲೂ ನಿಲ್ಲುತ್ತದೆಯೋ, ಒಳಕೋಣೆಯಲ್ಲಿ ಮಾತ್ರವೋ? ಪಕ್ಕದಲ್ಲಿ ಸರಿಯಿದ್ದು ದೂರದಲ್ಲಿ ನಿಂತರೆ ಹೊರಗಿನ ತಂತಿಯ ದೋಷವಿಲ್ಲ, ತರಂಗಕ್ಕೆ ಅಡ್ಡಿಯಾಗಿದೆ. ಗಣಕಯಂತ್ರವಿದ್ದವರು ಕೇಬಲ್ಲಿನಿಂದ ಅದನ್ನು ರೂಟರಿಗೆ ನೇರವಾಗಿ ಜೋಡಿಸಿ ನೋಡಿದರೆ ಇನ್ನೂ ಖಚಿತವಾಗಿ ಗೊತ್ತಾಗುತ್ತದೆ.

ಮೂರನೆಯ ಪ್ರಶ್ನೆ: ನಿಂತ ಕ್ಷಣದಲ್ಲಿ ದೀಪಗಳು ಏನು ಹೇಳುತ್ತವೆ? ಎಲ್ಲವೂ ಆರಿ ಹತ್ತಿದರೆ ವಿದ್ಯುತ್ತಿನ ಅಥವಾ ಅಡಾಪ್ಟರಿನ ದೋಷ. ಫೈಬರ್ ಪೆಟ್ಟಿಗೆಯ ಮೇಲೆ ‘ಎಲ್‌ಓಎಸ್’ ಎಂದು ಬರೆದ ದೀಪ ಕೆಂಪಾದರೆ ಬೆಳಕೇ ಮನೆಗೆ ಬರುತ್ತಿಲ್ಲವೆಂದು ತಿಳಿಯಬೇಕು. ದೀಪಗಳೆಲ್ಲ ಎಂದಿನಂತಿದ್ದು ನೆಟ್ಟು ಮಾತ್ರ ಇಲ್ಲದಿದ್ದರೆ, ರೂಟರಿನ ಬೆನ್ನ ಮೇಲೆ ಅಚ್ಚಾಗಿರುವ ವಿಳಾಸವನ್ನು, ಹೆಚ್ಚಾಗಿ ಅದು 192.168.1.1 ಎಂದಿರುತ್ತದೆ, ಫೋನಿನಲ್ಲಿ ತೆರೆದು ನೋಡಿರಿ. ರೂಟರಿನ ಆ ಪುಟ ಕೂಡಲೇ ತೆರೆದರೆ ಫೋನಿನಿಂದ ರೂಟರಿನ ವರೆಗಿನ ದಾರಿ ಸರಿಯಿದೆ. ತಡೆ ಅದರ ಆಚೆಗಿದೆ.

ತರಂಗದ ಅಡ್ಡಿಯನ್ನು ಕುರಿತು ಎರಡು ಮಾತು. ನಮ್ಮ ಹಳೆಯ ಮನೆಗಳ ಕಲ್ಲುಮಣ್ಣಿನ ಗೋಡೆ ಬೇಸಿಗೆಯಲ್ಲಿ ಸುಖ; ವೈ-ಫೈಗೆ ಮಾತ್ರ ಅದು ಕೋಟೆಯ ಗೋಡೆ. ಪತ್ರಾಸಿನ ಹೊದಿಕೆ ಮತ್ತು ಕಬ್ಬಿಣದ ತಿಜೋರಿ ತರಂಗವನ್ನು ಹಿಂದಕ್ಕೆ ತಳ್ಳುತ್ತವೆ. ನೀರಿನ ಟಾಕಿ ಅದನ್ನು ಹೀರುತ್ತದೆ. ರೂಟರನ್ನು ನೆಲದ ಮೇಲೆ, ತಿಜೋರಿಯ ಹಿಂದೆ, ಗೋಡೆಯ ಗೂಡಿನೊಳಗೆ ಇಡದೆ, ಮನೆಯ ನಡುಭಾಗದಲ್ಲಿ ಆಳೆತ್ತರದಲ್ಲಿ ಬಯಲಾಗಿ ಇಡಬೇಕು. ರೂಟರುಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಜ್ ಎಂಬ ಎರಡು ತರಂಗಪಟ್ಟಿಗಳನ್ನು ಬಳಸುತ್ತವೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅಲ್ಲಿ ಸಂದಣಿ ಹೆಚ್ಚು. ನೆರೆಯವರ ರೂಟರು, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಓಣಿಯವು. ಎರಡನೆಯದು ವೇಗದ್ದು, ಆದರೆ ಗೋಡೆಗೆ ಅಂಜುತ್ತದೆ. 2.4ರ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಮಾರ್ಗಗಳು 1, 6 ಮತ್ತು 11 ಈ ಮೂರೇ. ನೆರೆಯವರದು 6 ಇದ್ದರೆ ತಮ್ಮದನ್ನು 1 ಅಥವಾ 11ಕ್ಕೆ ಬದಲಿಸುವುದರಿಂದ ಅನೇಕ ಸಲ ಗುಣವಾಗುತ್ತದೆ.

ಉಷ್ಣತೆಯ ಮಾತೂ ಇದೆ. ಮನೆಬಳಕೆಯ ಬಹುತೇಕ ರೂಟರುಗಳನ್ನು 40 ಅಂಶ ಸೆಲ್ಸಿಯಸ್‌ವರೆಗಿನ ಹವೆಗೆ ಹೊಂದುವಂತೆ ರಚಿಸಿರುತ್ತಾರೆ. ನಮ್ಮ ಭಾಗದ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದಲ್ಲಿ, ಪತ್ರಾಸಿನ ಕೆಳಗೆ, ಬಟ್ಟೆ ಹೊದಿಸಿಟ್ಟ ಪೆಟ್ಟಿಗೆಯ ಗತಿ ಏನಾಗಬೇಕು? ಧೂಳು ಬೀಳದಿರಲೆಂದು ಪ್ರೀತಿಯಿಂದ ಹೊದಿಸಿದ ಕಸೂತಿಯ ಬಟ್ಟೆಯೇ ಅದರ ಉಸಿರು ಕಟ್ಟಿಸುತ್ತದೆ. ದೋಷ ಮಧ್ಯಾಹ್ನದಲ್ಲಿಯೇ ಕಾಣಿಸಿಕೊಳ್ಳುತ್ತದೆಂದು ನೋಟುಬುಕ್ಕು ಹೇಳಿದರೆ ಮೊದಲು ಬಟ್ಟೆಯನ್ನು ತೆಗೆಯಿರಿ.

ಫೈಬರಿಲ್ಲದೆ ಸಿಮ್ ಹಾಕಿದ ರೂಟರನ್ನೋ ಫೋನಿನ ಹಾಟ್‌ಸ್ಪಾಟನ್ನೋ ನೆಚ್ಚಿದ ಮನೆಗಳೂ ಉಂಟು. ಗಡಿಗೆ ಹತ್ತಿರವಿರುವ ನಮ್ಮಂಥ ಊರುಗಳಲ್ಲಿ ಎರಡು ರಾಜ್ಯಗಳ ಗೋಪುರಗಳ ತರಂಗಗಳು ಬಂದು ಸೇರಬಹುದು. ಎರಡೂ ಕ್ಷೀಣವಾಗಿದ್ದರೆ ಯಂತ್ರವು ಒಮ್ಮೆ ಇದನ್ನು, ಒಮ್ಮೆ ಅದನ್ನು ಹಿಡಿಯಲು ಹೋಗಿ ಸಂಪರ್ಕ ಕಡಿಯುವುದುಂಟು. ಅಂಥವರು ಪೆಟ್ಟಿಗೆಯನ್ನು ಒಂದೊಂದು ಕಿಟಕಿಯಲ್ಲಿ ಒಂದೊಂದು ದಿನ ಇಟ್ಟು, ಯಾವ ದಿಕ್ಕಿನಲ್ಲಿ ಅದು ಸ್ಥಿರವಾಗಿರುತ್ತದೆಂದು ಬರೆದು ನೋಡಬೇಕು.

ಮಾಡಬಾರದ ಕೆಲಸಗಳನ್ನೂ ಹೇಳುವುದು ನಮ್ಮ ಕರ್ತವ್ಯ. ಸೂಜಿಯಿಂದ ಒತ್ತುವ ‘ರೀಸೆಟ್’ ಗುಂಡಿಯನ್ನು ಒತ್ತಬೇಡಿರಿ. ಸೇವೆಯವರು ಬರೆದಿಟ್ಟ ವ್ಯವಸ್ಥೆಯೆಲ್ಲ ಅಳಿಸಿಹೋಗುತ್ತದೆ. ಅರ್ಧ ನಿಮಿಷ ಸ್ವಿಚ್ಚು ಆರಿಸಿ ಮತ್ತೆ ಹಚ್ಚುವುದು ಬೇರೆ. ಅದಕ್ಕೆ ಅಡ್ಡಿಯಿಲ್ಲ, ಆದರೆ ಅದರಿಂದ ನೆಟ್ಟು ಬಂದರೆ ರೋಗ ವಾಸಿಯಾಯಿತೆಂದು ತಿಳಿಯದೆ ಅದನ್ನೂ ಬರೆದಿಡಿರಿ. ಗಾಜಿನ ಎಳೆಯನ್ನು ಮಡಚಿ ಮೊಳೆಗೆ ಬಿಗಿಯಬೇಡಿರಿ. ತೀರ ಬಾಗಿದಲ್ಲಿ ಬೆಳಕು ಸೋರಿಹೋಗುತ್ತದೆ. ಬಿಚ್ಚಿದ ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿರಿ. ಅದರೊಳಗಿನ ಬೆಳಕು ಕಣ್ಣಿಗೆ ಕಾಣದಂಥದು, ಆದರೂ ಕಣ್ಣಿಗೆ ಅಪಾಯಕಾರಿಯಾಗಬಲ್ಲದು. ಅಡಾಪ್ಟರನ್ನು ಬದಲಿಸುವಾಗ ಅದರ ಮೇಲೆ ಬರೆದ ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟಾದರೂ ಇರಬೇಕು. ಸಿಡಿಲು ಗುಡುಗಿನ ಹೊತ್ತಿಗೆ ಪ್ಲಗ್ಗನ್ನು ಕಿತ್ತಿಡಿರಿ. ನೆಟ್ಟು ಸರಿಮಾಡುತ್ತೇವೆಂದು ಫೋನು ಮಾಡಿ ಓಟಿಪಿ ಕೇಳುವವರಿಗೆ ಏನನ್ನೂ ಹೇಳಬೇಡಿರಿ. ಮತ್ತು ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಜಾಗ, ಅಡಾಪ್ಟರು, ಕೇಬಲ್ಲು ಮೂರನ್ನೂ ಒಂದೇ ದಿನ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂಬುದು ಎಂದಿಗೂ ತಿಳಿಯುವುದಿಲ್ಲ.

ದೋಷ ಹೊರಗಿನದೆಂದು ಖಚಿತವಾದ ಮೇಲೆ ದೂರು ಕೊಡಲು ಸಂಕೋಚಪಡಬೇಕಾಗಿಲ್ಲ. 1997ರಲ್ಲಿ ಸ್ಥಾಪಿತವಾದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2012ರಲ್ಲಿ ಮಾಡಿದ ನಿಯಮದಂತೆ ಪ್ರತಿ ದೂರಿಗೂ ಒಂದು ಕ್ರಮಾಂಕವನ್ನು ಕೊಡತಕ್ಕದ್ದು. ಪರಿಹಾರ ತೃಪ್ತಿಕರವಾಗದಿದ್ದರೆ ಆಯಾ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೆ ಅರ್ಜಿ ಮಾಡಿಕೊಳ್ಳಬಹುದು. “ನೆಟ್ಟು ಬರುವುದಿಲ್ಲ” ಎಂಬ ದೂರಿಗೂ, “ಸೋಮವಾರದಿಂದ ಶನಿವಾರದ ವರೆಗೆ ಇಂತಿಂಥ ವೇಳೆಗೆ ಎಲ್‌ಓಎಸ್ ದೀಪ ಕೆಂಪಾಯಿತು, ಗಾಳಿ ಬೀಸಿದಾಗ ಹೆಚ್ಚು” ಎಂಬ ದೂರಿಗೂ ಎಷ್ಟು ಅಂತರ! ಎರಡನೆಯದನ್ನು ಕೇಳಿದ ಕುಶಲಕರ್ಮಿಯು ಮನೆಯೊಳಗೆ ಬಾರದೆ ನೇರವಾಗಿ ಕಂಬದ ಕಡೆಗೆ ನಡೆಯುತ್ತಾನೆ. ಅವನ ಸಮಯವೂ ಉಳಿಯಿತು, ತಮ್ಮ ಹಣವೂ ಉಳಿಯಿತು.

ವಿದ್ಯಾರ್ಥಿಗಳೆ, ನೀವು ವಿಜ್ಞಾನದ ಪ್ರಯೋಗವಹಿಯಲ್ಲಿ ಸಾಹಿತ್ಯ, ಕೃತಿ, ನಿರೀಕ್ಷಣೆ, ಅನುಮಾನ ಎಂದು ಬರೆಯುತ್ತೀರಿ. ಅಂಕಗಳಿಗಾಗಿ ಬರೆಯುವ ಆ ನಾಲ್ಕು ಶಬ್ದಗಳು ಮನೆಯ ಗೋಡೆಯ ಮೇಲಿನ ಪೆಟ್ಟಿಗೆಗೂ ಸಲ್ಲುತ್ತವೆ. ನಿರೀಕ್ಷಣೆಗೆ ಮೊದಲೇ ಅನುಮಾನವನ್ನು ಬರೆಯಬೇಡಿರಿ.

ಪಾಲಕ ಬಂಧುಗಳೆ, ತಮ್ಮಲ್ಲಿ ನಮ್ಮ ವಿನಂತಿ ಒಂದೇ. ನೆಟ್ಟು ನಿಂತಾಗ ಮಗುವಿನ ಕಡೆಗೆ ನೋಡುವ ಮೊದಲು ದೀಪಗಳ ಕಡೆಗೆ ನೋಡಿರಿ. ಮಗುವಿನ ಕೈಗೆ ಒಂದು ನೋಟುಬುಕ್ಕು ಮತ್ತು ಪೆನ್ಸಿಲನ್ನು ಕೊಡಿರಿ. ಸಂಪರ್ಕವನ್ನು ತೆಗೆಸುವ ನಿರ್ಧಾರವನ್ನು ಎಂಟು ದಿನಗಳ ಮಟ್ಟಿಗಾದರೂ ಮುಂದಕ್ಕೆ ಹಾಕಿರಿ. ಆ ಎಂಟು ದಿನಗಳ ಬರಹವನ್ನು ತಂದು ತೋರಿಸಿದರೆ ಅದನ್ನು ಓದಿ ಅರ್ಥ ಹೇಳಲು ನಮ್ಮ ಶಾಲೆಯ ಗುರುಗಳು ಸದಾ ಸಿದ್ಧರಿದ್ದಾರೆ.