ಜಪಸರ ಮತ್ತು ಜೈಲು



ನನಗೆ ಕೊಟ್ಟಿರುವ ವಿಷಯ ಕ್ರೈಸ್ತ ವಿಶ್ವಾಸದಲ್ಲಿ ಭಕ್ತಿ ಮತ್ತು ಸಮಾಜಕಾರ್ಯ. ಪ್ರಾರ್ಥನೆಯೂ ಇರಲಿ, ಸೇವೆಯೂ ಇರಲಿ ಎಂದು ಎರಡಕ್ಕೂ ಒಂದೊಂದು ಹಾರ ಹಾಕಿ ಕೂತುಬಿಟ್ಟರೆ ಯಾರ ತಕರಾರೂ ಇರುವುದಿಲ್ಲ, ಯಾರಿಗೂ ಏನೂ ದಕ್ಕುವುದೂ ಇಲ್ಲ. ಹಾಗಾಗಿ ತತ್ವದ ಗೊಡವೆ ಬಿಟ್ಟು ಒಬ್ಬ ಹೆಂಗಸಿನ ಬದುಕನ್ನು ಹೇಳುತ್ತೇನೆ. ಹೆಸರು ಡೊರೊಥಿ ಡೇ. ಹುಟ್ಟಿದ್ದು 1897ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತೀರಿಕೊಂಡದ್ದು 1980ರಲ್ಲಿ, ಅದೇ ನಗರದಲ್ಲಿ ತಾನೇ ಕಟ್ಟಿದ ಒಂದು ಆಶ್ರಯಮನೆಯಲ್ಲಿ. ಕಸುಬು ಪತ್ರಿಕೋದ್ಯಮ. ದಿನಾ ಬೆಳಿಗ್ಗೆ ಬಲಿಪೂಜೆಗೆ ಹೋಗುತ್ತಿದ್ದ ಈಕೆಯ ಮೇಲೆ ಅಮೆರಿಕದ ಎಫ್‌ಬಿಐ ದಪ್ಪ ಕಡತವೊಂದನ್ನು ಇಟ್ಟಿತ್ತು. ಭಕ್ತಿ ಮನುಷ್ಯರನ್ನು ಸಾಧುಗಳನ್ನಾಗಿ ಮಾಡುತ್ತದೆ ಅಂತ ನಾವು ನಂಬಿದ್ದೇವಲ್ಲ, ಡೊರೊಥಿಯ ವಿಷಯದಲ್ಲಿ ಅದು ತಿರುವುಮುರುವಾಯಿತು. ಭಕ್ತಿ ಬಲಿತಷ್ಟೂ ಆಕೆ ಸರ್ಕಾರಕ್ಕೂ ಸ್ವಂತ ಧರ್ಮಸಭೆಗೂ ತಲೆನೋವಾಗುತ್ತ ಹೋದಳು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಅದಕ್ಕೆ ಪುರಾವೆ.

ಮೊದಲು ಆಕೆ ಭಕ್ತೆಯೇನೂ ಆಗಿರಲಿಲ್ಲ. ಕಾಲೇಜನ್ನು ಅರ್ಧಕ್ಕೇ ಬಿಟ್ಟು ‘ದಿ ಕಾಲ್’, ‘ದಿ ಮಾಸಸ್’ ಎಂಬ ಎಡಪಂಥೀಯ ಪತ್ರಿಕೆಗಳಲ್ಲಿ ದುಡಿದಳು. 1917ರಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್ನಿನ ಶ್ವೇತಭವನದ ಮುಂದೆ ನಿಂತು ಸೆರೆಯಾದಳು, ಅಲ್ಲಿ ಉಪವಾಸ ಹೂಡಿದಳು, ಬೈಬಲ್ ಕೇಳಿ ತರಿಸಿಕೊಂಡು ಕೀರ್ತನೆಗಳನ್ನು ಓದಿದಳು. ಹೊರಬಂದ ಮೇಲೆ ಅದೆಲ್ಲ ಬದಿಗೆ ಸರಿಯಿತು. ಸಾಹಿತಿಗಳ ಸಹವಾಸ, ಒಂದು ಗರ್ಭಪಾತ, ಮುರಿದುಬಿದ್ದ ಒಂದು ಮದುವೆ. ಸ್ಟೇಟನ್ ಐಲೆಂಡಿನ ಕಡಲ ದಂಡೆಯ ಪುಟ್ಟ ಮನೆಯಲ್ಲಿ ಫಾರ್ಸ್ಟರ್ ಬ್ಯಾಟರ್‌ಹ್ಯಾಮ್ ಎಂಬವನ ಜೊತೆ ಬದುಕುತ್ತಿದ್ದಾಗ, 1926ರಲ್ಲಿ, ಮಗಳು ಟಮಾರ್ ಹುಟ್ಟಿದಳು. ದುಃಖ ಬಂದಾಗ ದೇವರ ಕಡೆ ತಿರುಗುವವರು ಬಹಳ ಮಂದಿ. ಈಕೆ ತಿರುಗಿದ್ದು ಮಗು ಹುಟ್ಟಿದ ಸಂತೋಷದಲ್ಲಿ. ಫಾರ್ಸ್ಟರ್ ದೇವರನ್ನೂ ಒಪ್ಪದವನು, ಮದುವೆಯನ್ನೂ ಒಪ್ಪದವನು. ಸ್ನಾನದೀಕ್ಷೆ ಎಂದರೆ ಅವನನ್ನು ಕಳೆದುಕೊಳ್ಳುವುದು ಎಂದು ಗೊತ್ತಿದ್ದೇ 1927ರಲ್ಲಿ ಮಗುವಿಗೆ ಕೊಡಿಸಿದಳು, ಆ ವರ್ಷದ ಕೊನೆಗೆ ತಾನೂ ಪಡೆದಳು. ಕಥೋಲಿಕಳಾದಳು, ಒಂಟಿಯಾದಳು.

ಆಮೇಲಿನ ಐದು ವರ್ಷ ಆಕೆಗೆ ಕೈಕಾಲು ಆಡದ ಕಾಲ. ಬಡವರ ಪರ ನಿಂತ ಗೆಳೆಯರಿಗೆ ದೇವರು ಬೇಡ. ದೇವರ ಮನೆಯಲ್ಲಿ ಕಂಡವರಿಗೆ ಬಡವರ ಹೋರಾಟ ಬೇಡ. 1932ರ ಡಿಸೆಂಬರಿನಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ನಿರುದ್ಯೋಗಿಗಳ ಹಸಿವಿನ ಮೆರವಣಿಗೆಯನ್ನು ವರದಿ ಮಾಡಲು ವಾಷಿಂಗ್ಟನ್ನಿಗೆ ಹೋದಳು. ಮೆರವಣಿಗೆ ಕಟ್ಟಿದ್ದು ಕಮ್ಯುನಿಸ್ಟರು. ತನ್ನವರು ಎಲ್ಲಿದ್ದಾರೆ ಎಂಬ ಪ್ರಶ್ನೆ ಕುಟುಕಿತು. ಡಿಸೆಂಬರ್ 8, ಮಾತೆ ಮರಿಯಳ ಹಬ್ಬ. ಇನ್ನೂ ಕಟ್ಟಿ ಮುಗಿಯದಿದ್ದ ರಾಷ್ಟ್ರೀಯ ಪುಣ್ಯಕ್ಷೇತ್ರದ ನೆಲಮಾಳಿಗೆಯ ಗುಡಿಗೆ ಹೋಗಿ, ಬಡವರಿಗಾಗಿ ದುಡಿಯಲು ತನಗೊಂದು ದಾರಿ ತೋರಿಸೆಂದು ಅತ್ತು ಬೇಡಿದಳು. ನ್ಯೂಯಾರ್ಕಿಗೆ ಮರಳಿದರೆ ಪೀಟರ್ ಮೋರಿನ್ ಎಂಬ ಫ್ರಾನ್ಸಿನ ಅಲೆಮಾರಿ ಕಾದು ಕೂತಿದ್ದ. ರೈತರ ಮನೆಯಲ್ಲಿ ಹುಟ್ಟಿದವನು, ಮೈಮೇಲೆ ಮಾಸಿದ ಸೂಟು, ಜೇಬಿನ ತುಂಬ ಪುಸ್ತಕ, ಬಾಯಿ ಮುಚ್ಚದ ಮಾತು. ಒಂದು ಪತ್ರಿಕೆ ಬೇಕು, ಹಸಿದವರಿಗೆ ಮನೆಗಳು ಬೇಕು, ಹಳ್ಳಿಗಳಲ್ಲಿ ಸಾಮುದಾಯಿಕ ಬೇಸಾಯ ಬೇಕು ಎಂಬುದು ಅವನ ಯೋಜನೆ. ಬೇಸಾಯದ ಭಾಗ ಅಷ್ಟಾಗಿ ಕೈಹಿಡಿಯಲಿಲ್ಲ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

1933ರ ಮೇ 1ರಂದು, ಯೂನಿಯನ್ ಚೌಕದಲ್ಲಿ ಕಾರ್ಮಿಕರು ಸೇರಿದ್ದಾಗ, ‘ದಿ ಕ್ಯಾಥೊಲಿಕ್ ವರ್ಕರ್’ ಪತ್ರಿಕೆಯ 2,500 ಪ್ರತಿಗಳು ಮಾರಾಟಕ್ಕೆ ಬಂದವು. ಮುದ್ರಣಕ್ಕೆ 57 ಡಾಲರ್ ತಗುಲಿತ್ತು. ಬೆಲೆ ಒಂದು ಸೆಂಟ್. ಬಡವರಿಗೆ ಆಶ್ರಯ ಕೊಡಬೇಕೆಂದು ಪತ್ರಿಕೆಯಲ್ಲಿ ಬರೆದದ್ದೇ ತಡ, ಓದಿದ ಬಡವರು ಬಾಗಿಲು ತಟ್ಟಿದರು. ಬರೆದ ಮೇಲೆ ಇಲ್ಲವೆನ್ನುವುದು ಹೇಗೆ? ಹೀಗೆ ಶುರುವಾದವು ಆಶ್ರಯಮನೆಗಳು. ಕಾಫಿ, ಬ್ರೆಡ್ಡು, ಸೂಪು, ಮಲಗಲು ಜಾಗ. ಎಷ್ಟು ದಿನ ಉಳಿಯಲು ಅವಕಾಶ ಎಂದು ಒಮ್ಮೆ ಸಮಾಜಕಲ್ಯಾಣದ ಕೆಲಸದವರೊಬ್ಬರು ಕೇಳಿದ್ದಕ್ಕೆ, ಇಲ್ಲೇ ಬದುಕುತ್ತಾರೆ, ಇಲ್ಲೇ ಸಾಯುತ್ತಾರೆ, ಮಣ್ಣು ನಾವೇ ಮಾಡುತ್ತೇವೆ ಎಂಬರ್ಥದ ಉತ್ತರ ಕೊಟ್ಟಳಂತೆ. ನಿಮಗೆ ಶರಣರ ದಾಸೋಹ ನೆನಪಾಗುತ್ತಿರಬಹುದು. ಆಗಲಿ, ತಪ್ಪೇನಿಲ್ಲ. ಆದರೆ ಡೊರೊಥಿಗೆ ಆಧಾರವಿದ್ದದ್ದು ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ: ಹಸಿದವನಿಗೆ ಉಣಿಸಿದ್ದು ಯೇಸುವಿಗೇ ಉಣಿಸಿದ್ದು ಎಂಬ ಮಾತು. ಇದನ್ನು ಆಕೆ ಅಲಂಕಾರವೆಂದು ಓದಲಿಲ್ಲ, ಅಕ್ಷರಶಃ ಓದಿದಳು.

ಅಕ್ಷರಶಃ ಓದಿದರೆ ಪಾಡು ಏನಾಗುತ್ತದೆ ಎಂಬುದಕ್ಕೆ ಆ ಮನೆಗಳನ್ನು ನೋಡಬೇಕು. ತಿಗಣೆ, ಹೇನು, ಕೆಟ್ಟ ವಾಸನೆ, ಕುಡಿದು ಬಂದವರ ಜಗಳ, ಬುದ್ಧಿ ಕೆಟ್ಟವರ ಬೈಗುಳ. ಇದನ್ನೆಲ್ಲ ಆಕೆ ಮುಚ್ಚಿಡದೆ ಬರೆದಿದ್ದಾಳೆ. ಬಡವರು ಒಳ್ಳೆಯವರು, ಕೃತಜ್ಞರು ಎಂಬ ಭ್ರಮೆಯಿಂದ ಸೇವೆಗೆ ಇಳಿದವರು ಆರು ತಿಂಗಳಲ್ಲಿ ಗಂಟುಮೂಟೆ ಕಟ್ಟುತ್ತಾರೆ. ಆಕೆ ಹತ್ತಿರಹತ್ತಿರ ಐವತ್ತು ವರ್ಷ ಅಲ್ಲೇ ಇದ್ದಳು. ಬೆಳಿಗ್ಗೆ ಬಲಿಪೂಜೆ, ಪರಮಪ್ರಸಾದ, ಕೀರ್ತನೆಗಳ ಪಠಣ, ಸಂಜೆ ಜಪಸರ, ಆಗಾಗ ಪಾಪನಿವೇದನೆ, ವರ್ಷಕ್ಕೊಮ್ಮೆ ಧ್ಯಾನಕೂಟ. ಭಕ್ತಿ ಸೇವೆಗೆ ಪ್ರೇರಣೆ ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಪ್ರೇರಣೆಗೇನು, ಒಂದು ಒಳ್ಳೆಯ ಸಿನಿಮಾ ಸಾಕು. ಎರಡನೆಯ ದಿನವೂ ಅದೇ ಮನುಷ್ಯ ಅದೇ ಬೈಗುಳದೊಂದಿಗೆ ಬಂದಾಗ ಬಾಗಿಲು ತೆಗೆಯುವುದಿದೆಯಲ್ಲ, ಆಕೆಗೆ ಪ್ರಾರ್ಥನೆ ಬೇಕಾದದ್ದು ಅಲ್ಲಿ. ಮನೋವೈದ್ಯ ರಾಬರ್ಟ್ ಕೋಲ್ಸ್ ವಿದ್ಯಾರ್ಥಿಯಾಗಿದ್ದಾಗ ಆಕೆಯನ್ನು ಕಾಣಲು ಹೋದರು. ಆಕೆ ಕುಡಿದಿದ್ದ ಒಬ್ಬ ಹೆಂಗಸಿನ ಜೊತೆ ಮಾತಿನಲ್ಲಿದ್ದಳು. ಮಾತು ಮುಗಿಯುವ ಲಕ್ಷಣವಿರಲಿಲ್ಲ. ಕೊನೆಗೆ ಎದ್ದು ಬಂದು, ನಮ್ಮಿಬ್ಬರಲ್ಲಿ ಯಾರ ಜೊತೆ ಮಾತಾಡಬೇಕಿತ್ತು ಎಂದು ಕೇಳಿದಳು. ಕೋಲ್ಸ್ ಇದನ್ನು ಬದುಕಿಡೀ ಮರೆಯಲಿಲ್ಲ.

ದುಡ್ಡಿನ ವಿಷಯದಲ್ಲೂ ಆಕೆಯ ನಡೆ ಲೆಕ್ಕಿಗರಿಗೆ ಅರ್ಥವಾಗುವಂಥದ್ದಲ್ಲ. 1956ರಲ್ಲಿ ಮನೆಗೆ ಅಗ್ನಿಸುರಕ್ಷತೆ ಇಲ್ಲವೆಂದು ಕೋರ್ಟು 250 ಡಾಲರ್ ದಂಡ ಹಾಕಿತು. ಆಕೆ ಕೋರ್ಟಿಗೆ ಹೊರಟಾಗ ಬಾಗಿಲಲ್ಲಿ ನಿಂತಿದ್ದ ಹಳೇ ಬಟ್ಟೆಯ ಮನುಷ್ಯನೊಬ್ಬ ಕೈಗೊಂದು ಚೆಕ್ಕು ತುರುಕಿದ. ನಿರ್ಗತಿಕನೊಬ್ಬ ಕೊಟ್ಟ ಎರಡೂವರೆ ಡಾಲರ್ ಎಂದುಕೊಂಡು ಹೋದವಳು ಆಮೇಲೆ ಬಿಡಿಸಿ ನೋಡಿದರೆ ಪೂರ್ತಿ 250! ಕೊಟ್ಟವನು ಕವಿ ಡಬ್ಲ್ಯು. ಎಚ್. ಆಡನ್. ಮುಂದೆ ಆ ಕಟ್ಟಡವನ್ನು ಸುರಂಗ ರೈಲಿಗಾಗಿ ನಗರಾಡಳಿತ ವಶಪಡಿಸಿಕೊಂಡು ಪರಿಹಾರ ಕೊಟ್ಟಿತು, ತಡವಾದದ್ದಕ್ಕೆ 3,579 ಡಾಲರ್ 39 ಸೆಂಟ್ ಬಡ್ಡಿಯನ್ನೂ ಸೇರಿಸಿತು. 1960ರಲ್ಲಿ ಆಕೆ ಬಡ್ಡಿಯನ್ನಷ್ಟೇ ಎಣಿಸಿ ವಾಪಸು ಕಳಿಸಿದಳು. ಬಡ್ಡಿ ತಿನ್ನುವುದು ಪಾಪವೆಂಬ ಧರ್ಮಸಭೆಯ ಹಳೇ ಬೋಧನೆ ಇತ್ತಲ್ಲ, ಅದನ್ನು ಮಿಕ್ಕವರೆಲ್ಲ ಮರೆತಿದ್ದರು, ಈಕೆ ಮರೆತಿರಲಿಲ್ಲ. ಸೂಪಿನ ಸಾಲಿಗೇ ತತ್ವಾರವಿದ್ದ ಮನೆ ಅದು ಎಂಬುದನ್ನು ಗಮನಿಸಿ.

ಈಗ ನನಗೆ ಬಹಳ ಮುಖ್ಯವೆನಿಸುವ ಪ್ರಸಂಗಕ್ಕೆ ಬರುತ್ತೇನೆ. 1955ರಲ್ಲಿ ಅಣುಬಾಂಬ್ ದಾಳಿಯ ಅಣಕು ಕವಾಯತು ನಡೆಯಿತು. ಸೈರನ್ ಕೂಗಿದರೆ ನ್ಯೂಯಾರ್ಕಿನವರೆಲ್ಲ ನೆಲಮಾಳಿಗೆ ಸೇರಬೇಕು, ಸೇರದಿದ್ದರೆ ಅಪರಾಧ. ಜೂನ್ 15ರಂದು ಡೊರೊಥಿ ಮತ್ತು ಕೆಲವು ಸಂಗಡಿಗರು ಸಿಟಿ ಹಾಲ್ ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಸುಮ್ಮನೆ ಕೂತರು. ಬಂಧನವಾಯಿತು. ಮರುವರ್ಷ ಮತ್ತೆ ಕೂತರು. ಅದರ ಮುಂದಿನ ವರ್ಷ ಮತ್ತೆ. 1957ರಲ್ಲಿ ಮೂವತ್ತು ದಿನಗಳ ಸಜೆಯಾಯಿತು, ಆಗ ಆಕೆಗೆ ಅರವತ್ತರ ಹತ್ತಿರ. ಆಕೆ ಕೊಟ್ಟ ಕಾರಣ ನೋಡಿ: ಜಪಾನಿನ ಮೇಲೆ ನಮ್ಮ ದೇಶ ಹಾಕಿದ ಬಾಂಬಿಗೆ ಇದು ನಮ್ಮ ಪ್ರಾಯಶ್ಚಿತ್ತ. ಕಾನೂನುಭಂಗವೂ ಅದೇ, ಪ್ರಾಯಶ್ಚಿತ್ತವೂ ಅದೇ. ಯಾವುದು ಭಕ್ತಿ, ಯಾವುದು ರಾಜಕೀಯ ಎಂದು ಗೆರೆ ಎಳೆಯಲು ಹೋದರೆ ಕೈಗೆ ಸಿಗುವುದಿಲ್ಲ. ಮೊದಮೊದಲು ನಕ್ಕವರೇ ಹೆಚ್ಚು. 1961ರ ಹೊತ್ತಿಗೆ ಪಾರ್ಕಿನಲ್ಲಿ ಸುಮಾರು ಎರಡು ಸಾವಿರ ಮಂದಿ ಕೂತರು. ಆ ಕವಾಯತು ಅಲ್ಲಿಗೆ ನಿಂತಿತು.

ಅದಕ್ಕೂ ಮೊದಲು, ಎರಡನೇ ಮಹಾಯುದ್ಧದಲ್ಲಿ, ಯಾವ ಯುದ್ಧವೂ ಸಲ್ಲದು ಎಂದು ಬರೆದು, ಲಕ್ಷ ದಾಟಿದ್ದ ಪತ್ರಿಕೆಯ ಪ್ರಸಾರ ಕುಸಿಯುವುದನ್ನು ಆಕೆ ಕಂಡಿದ್ದಳು. ಹಲವು ಆಶ್ರಯಮನೆಗಳು ಮುಚ್ಚಿದ್ದವು. 1948ರಲ್ಲಿ ಗಾಂಧೀಜಿಯ ಹತ್ಯೆಯಾದಾಗ ಅವರ ಬಗ್ಗೆ ಗೌರವದಿಂದ ಬರೆದವರಲ್ಲಿ ಆಕೆಯೂ ಒಬ್ಬಳು. 1970ರಲ್ಲಿ ಕೋಲ್ಕತ್ತಕ್ಕೂ ಬಂದಿದ್ದಳು, ಮದರ್ ತೆರೇಸಾ ಅವರನ್ನು ಕಾಣಲು.

ಧರ್ಮಸಭೆಯ ಜೊತೆಗಿನ ಜಟಾಪಟಿಗೆ ಒಂದು ಉದಾಹರಣೆ ಸಾಕು. 1949ರಲ್ಲಿ ನ್ಯೂಯಾರ್ಕ್ ಮಹಾಧರ್ಮಪ್ರಾಂತ್ಯದ ಸ್ಮಶಾನದಲ್ಲಿ ಗುಂಡಿ ತೋಡುವವರು ಮುಷ್ಕರ ಹೂಡಿದರು. ಕಾರ್ಡಿನಲ್ ಸ್ಪೆಲ್ಮನ್ ಗುರುಮಠದ ವಿದ್ಯಾರ್ಥಿಗಳನ್ನು ಕರೆತಂದು ಗುಂಡಿ ತೋಡಿಸಿದರು. ಡೊರೊಥಿ ಕೂಲಿಗಳ ಪರ ನಿಂತು ಕಾರ್ಡಿನಲ್‌ರಿಗೆ ಪತ್ರ ಬರೆದಳು. ಎರಡು ವರ್ಷದ ಮೇಲೆ ಪತ್ರಿಕೆಯ ಹೆಸರಿನಿಂದ ‘ಕ್ಯಾಥೊಲಿಕ್’ ಶಬ್ದ ತೆಗೆಯಿರಿ ಎಂಬ ಸೂಚನೆ ಬಂತು. ವಿನಯದಿಂದ ಉತ್ತರ ಬರೆದು, ತೆಗೆಯದೆ ಮುಂದುವರಿದಳು. ಆದರೂ ವಿಶ್ವಾಸದ ವಿಷಯದಲ್ಲಿ ಸಭೆಯ ಮಾತನ್ನು ಮೀರಿದವಳಲ್ಲ. ಎಡಪಂಥದ ಗೆಳೆಯರಿಗೆ ಇದು ಕೊನೆಯವರೆಗೂ ಬಿಡಿಸಲಾಗದ ಒಗಟಾಗಿತ್ತು.

ಆಕೆಯದು ಎಲ್ಲವೂ ಸರಿ ಎಂದು ನಾನು ಹೇಳುತ್ತಿಲ್ಲ. ಆ ಗದ್ದಲದ ನಡುವೆ ಬೆಳೆದ ಮಗಳು ಅದಕ್ಕೆ ಬೆಲೆ ತೆತ್ತಳು, ತಾಯಿ ಹಿಡಿದ ಸಭೆಯನ್ನು ಮುಂದೆ ಬಿಟ್ಟಳು. ಸರ್ಕಾರವನ್ನು ನೆಚ್ಚದ ಆಕೆಯ ನಿಲುವೂ ನನಗೆ ಒಪ್ಪಿಗೆಯಿಲ್ಲ. ಒಂದು ಬೀದಿಯ ಹಸಿವಿಗೆ ಒಂದು ಮನೆ ಸಾಕು. ಕೋಟಿ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಬೇಕಾದರೆ ಸರ್ಕಾರವೇ ಬೇಕು. ಆದರೆ ಬಡವರಿಗೆ ಅನ್ನ ಹಾಕಿ ಕೈತೊಳೆದುಕೊಂಡವಳಲ್ಲ ಆಕೆ. ಇವರು ಬಡವರಾದದ್ದು ಹೇಗೆಂದು ಕೊನೆಯವರೆಗೂ ಕೇಳಿದಳು. 1973ರಲ್ಲಿ, 75ನೇ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದ ತೋಟಗಳ ಕೃಷಿಕೂಲಿಗಳ ಪರವಾಗಿ ಪಿಕೆಟಿಂಗ್ ಮಾಡಿ ಜೈಲು ಸೇರಿದ್ದು ಆಕೆಯ ಕೊನೆಯ ಬಂಧನ.

ಈಗ ಅದೇ ನ್ಯೂಯಾರ್ಕ್ ಮಹಾಧರ್ಮಪ್ರಾಂತ್ಯ ಆಕೆಯನ್ನು ಸಂತಳೆಂದು ಸಾರಬೇಕೆಂದು ಕೇಳುತ್ತಿದೆ. 2000ದಲ್ಲಿ ಶುರುವಾದ ಈ ಪ್ರಕ್ರಿಯೆಯ ಸ್ಥಳೀಯ ಹಂತ 2021ರ ಡಿಸೆಂಬರ್ 8ರಂದು ಮುಗಿದು, ದಾಖಲೆಗಳು ರೋಮಿಗೆ ಹೋದವು. ಇದಕ್ಕೆಲ್ಲ ಸುರಿಯುವ ಹಣ ಬಡವರಿಗೆ ಹೋಗಲಿ ಎಂದು ಆಕೆಯ ದಾರಿಯಲ್ಲಿ ನಡೆದವರಲ್ಲೇ ಕೆಲವರು ಗೊಣಗಿದ್ದಾರೆ. ಬಡ್ಡಿಯ ದುಡ್ಡನ್ನು ವಾಪಸು ಕಳಿಸಿದವಳ ವಿಷಯದಲ್ಲಿ ಆ ಗೊಣಗಾಟವೇ ನ್ಯಾಯ ಎಂದು ನನ್ನ ಅಭಿಪ್ರಾಯ.