ಆಟದ ಅಂಗಳ ಮತ್ತು ದೂರದರ್ಶನದ ಹಣ



ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಜಾತ್ರೆ, ಉರುಸುಗಳ ದಿನಗಳಲ್ಲಿ ಕುಸ್ತಿಯ ಕಣ ಸಿದ್ಧವಾಗುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಕಬಡ್ಡಿಯ ಅಂಕಣಕ್ಕೂ ಹೆಚ್ಚಿನ ಸಲಕರಣೆ ಬೇಕಾಗಿರಲಿಲ್ಲ. ಒಂದಿಷ್ಟು ಹದವಾದ ಮಣ್ಣು, ಸುಣ್ಣದ ಗೆರೆ, ಸುತ್ತ ನಿಂತ ಜನ, ಇಷ್ಟಿದ್ದರೆ ಸಾಕಿತ್ತು. ಗೆದ್ದವನಿಗೆ ಬೆಳ್ಳಿ ಕಡಗವೋ ಒಂದು ರುಮಾಲೋ ಸಿಗುತ್ತಿತ್ತು. ಅದಕ್ಕಿಂತ ದೊಡ್ಡದು ಊರವರ ಶಾಬಾಸ್‌ಗಿರಿ. ಇಂದು ಅದೇ ಕಬಡ್ಡಿ ಬಣ್ಣದ ಬೆಳಕಿನಲ್ಲಿ, ರಬ್ಬರಿನಂಥ ಮ್ಯಾಟಿನ ಮೇಲೆ, ಕೋಟಿಗಟ್ಟಲೆ ರೂಪಾಯಿಯ ಲೆಕ್ಕದಲ್ಲಿ ನಿಮ್ಮ ಮನೆಯ ಪರದೆಗೆ ಬರುತ್ತದೆ. ಈ ಹಣ ಎಲ್ಲಿಂದ ಬಂತು? ಅದು ಆಟವನ್ನು ಹೇಗೆ ಬದಲಿಸಿತು? ಅದು ನಿಮ್ಮ ಕಾಲೇಜಿನ ಮೈದಾನದವರೆಗೆ ಬರುತ್ತದೆಯೆ? ಈ ಮೂರು ಪ್ರಶ್ನೆಗಳನ್ನು ಇಂದು ವಿಚಾರ ಮಾಡೋಣ.

ಮೊದಲು ಹಣದ ಮೂಲವನ್ನು ನೋಡೋಣ. 1993ರಲ್ಲಿ ನಡೆದ ಹೀರೋ ಕಪ್ ಕ್ರಿಕೆಟ್ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು ಬಂಗಾಳದ ಕ್ರಿಕೆಟ್ ಸಂಸ್ಥೆಯು ವಿದೇಶೀ ಕಂಪನಿಯೊಂದಕ್ಕೆ ಮಾರಿತು. ಸರ್ಕಾರ ಆಕ್ಷೇಪಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿಯಲ್ಲಿ ಬಂದ ತೀರ್ಪು, ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಸಾರಿತು. ಅಂದಿನಿಂದ ಆಟದ ಪ್ರಸಾರ ಎಂಬುದು ಹರಾಜಿಗೆ ಬರುವ ಸರಕಾಯಿತು. ಕೇಬಲ್ ಇಲ್ಲದ ಮನೆಯವರೂ ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ನೋಡಲೆಂದು 2007ರಲ್ಲಿ ಒಂದು ಕಾಯಿದೆ ಬಂತು. ಅದರಂತೆ ಹಕ್ಕು ಪಡೆದವರು ಆ ಪಂದ್ಯಗಳ ಪ್ರಸಾರವನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕು.

ಈಗ ಅಂಕಿಗಳನ್ನು ಗಮನಿಸಿ. ಐಪಿಎಲ್ ಕ್ರಿಕೆಟ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಅಂದರೆ ಒಂದು ಪಂದ್ಯಕ್ಕೆ ಸುಮಾರು 118 ಕೋಟಿ. 2014ರ ಜುಲೈನಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನ ಐದು ಆವೃತ್ತಿಗಳ ಹಕ್ಕು 2021ರಲ್ಲಿ ಸುಮಾರು 908 ಕೋಟಿಗೆ ಹೋಯಿತು. ಒಂದು ಆವೃತ್ತಿಗೆ ಸುಮಾರು 181 ಕೋಟಿ. ಎರಡು ಐಪಿಎಲ್ ಪಂದ್ಯಗಳ ಬೆಲೆ ಇಡೀ ಒಂದು ವರ್ಷದ ಕಬಡ್ಡಿಯ ಬೆಲೆಗಿಂತ ಹೆಚ್ಚು! ಆದರೂ ಕಬಡ್ಡಿ ಆಟಗಾರನಿಗೆ ಇದು ಹೊಸ ಲೋಕವೇ ಸರಿ. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದ ರಾಕೇಶ್ ಕುಮಾರ್ ಅವರಿಗೆ ದೊರೆತದ್ದು 12.8 ಲಕ್ಷ. 2023ರಲ್ಲಿ ಪವನ್ ಸೆಹ್ರಾವತ್ ಅವರ ಬೆಲೆ 2.6 ಕೋಟಿಯನ್ನು ದಾಟಿತು.

ಹಣ ಕೊಟ್ಟವನು ಆಟದ ಚಹರೆಯನ್ನೂ ತನಗೆ ಬೇಕಾದಂತೆ ತಿದ್ದುತ್ತಾನೆ. ಎರಡು ಸಲ ಅಂಕವಿಲ್ಲದೆ ಮರಳಿದ ತಂಡದ ದಾಳಿಗಾರ ಮೂರನೆಯ ಸಲ ಅಂಕ ತರಲೇಬೇಕು, ಇಲ್ಲವಾದರೆ ಔಟ್ ಎಂಬ ನಿಯಮ ಲೀಗ್‌ನಲ್ಲಿದೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಹಿಡಿತಗಾರರು ದಾಳಿಗಾರನನ್ನು ಕೆಡವಿದರೆ ಹೆಚ್ಚಿನ ಅಂಕವಿದೆ. ನೋಡುವವನು ಚಾನೆಲ್ ಬದಲಿಸಬಾರದೆಂಬ ಎಣಿಕೆ ಇದರ ಹಿಂದಿದೆ. ಇದರಿಂದ ಆಟ ಚುರುಕಾಗಿದೆ ಎಂಬುದೂ ನಿಜ. ಆದರೆ ಕರಿಮಣ್ಣಿನ ಅಂಕಣದಲ್ಲಿ ಆಡಿ ಬೆಳೆದ ಹುಡುಗನ ಕಾಲಿಗೆ ಮ್ಯಾಟಿನ ಹಿಡಿತವೇ ಬೇರೆ. ಮ್ಯಾಟ್ ಇಲ್ಲದ ಊರಿನವನು ಶಕ್ತಿಯಿದ್ದೂ ಒಂದು ಹೆಜ್ಜೆ ಹಿಂದೆ ನಿಂತೇ ಸ್ಪರ್ಧೆ ಆರಂಭಿಸಬೇಕಾಗುತ್ತದೆ.

ಈ ಹಾದಿಯಲ್ಲಿ ಬಹಳ ದೂರ ಸಾಗಿದವರು ಅಮೆರಿಕದವರು. ಅಲ್ಲಿ ಲೀಗ್‌ಗಳಿಗಷ್ಟೇ ಅಲ್ಲ, ಕಾಲೇಜು ತಂಡಗಳಿಗೂ ದೂರದರ್ಶನದ ಹಣ ಹರಿಯುತ್ತದೆ. ಅವರ ಫುಟ್‌ಬಾಲ್ ಮೊಟ್ಟೆಯಾಕಾರದ ಚೆಂಡಿನಿಂದ, ಹೆಚ್ಚಾಗಿ ಕೈಯಿಂದಲೇ ಆಡುವ ಆಟ. ಕಾಲೇಜು ಪಂದ್ಯಗಳ ಪ್ರಸಾರವನ್ನು ಮೊದಲು ಒಂದೇ ರಾಷ್ಟ್ರೀಯ ಸಂಸ್ಥೆ ನಿಯಂತ್ರಿಸುತ್ತಿತ್ತು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಪ್ಪಿಸಿತು. ಆಮೇಲೆ ನೆರೆಹೊರೆಯ ವಿಶ್ವವಿದ್ಯಾಲಯಗಳು ಕಟ್ಟಿಕೊಂಡಿದ್ದ ಕೂಟಗಳೇ ಪ್ರಸಾರದ ಹಕ್ಕನ್ನು ಮಾರತೊಡಗಿದವು. ಹೆಚ್ಚು ಹಣ ಕೊಡುವ ಕೂಟದ ಕಡೆಗೆ ವಿಶ್ವವಿದ್ಯಾಲಯಗಳು ವಾಲಿದವು. ಒಂದು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದ್ದ ಪೆಸಿಫಿಕ್ ಕರಾವಳಿಯ ಕೂಟದ ಹನ್ನೆರಡು ಸದಸ್ಯರಲ್ಲಿ ಹತ್ತು ಮಂದಿ 2024ರಲ್ಲಿ ಹೊರನಡೆದರು. ಪೆಸಿಫಿಕ್ ಸಾಗರದ ಮಗ್ಗುಲಲ್ಲಿರುವ ಸ್ಟ್ಯಾನ್‌ಫರ್ಡ್ ಈಗ ಅಟ್ಲಾಂಟಿಕ್ ಕರಾವಳಿಯ ಹೆಸರಿನ ಕೂಟದಲ್ಲಿದೆ! ಪರೀಕ್ಷೆಯ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ವಿದ್ಯಾರ್ಥಿಗಳು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರಬೇಕಾಗಿದೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಬಹುಕಾಲ ವಿದ್ಯಾರ್ಥಿವೇತನವೇ ಸಾಕೆಂದು ದುಡಿದ ಆ ಆಟಗಾರರಿಗೆ 2021ರಿಂದ ತಮ್ಮ ಹೆಸರಿನಿಂದ ಹಣ ಗಳಿಸುವ ಅವಕಾಶ ದೊರೆಯಿತು. 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಪಾಲು ಕೊಡಬಹುದಾಗಿದೆ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿಯೂ ಕೂಟಗಳ ಗಡಿ ಬದಲಾಗಿದೆ, ಆದರೆ ಕಾರಣ ಬೇರೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮೊದಲು ಈ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅನಂತರ ಬೀದರ, ರಾಯಚೂರು, ಬಳ್ಳಾರಿಗಳ ಕಾಲೇಜುಗಳೆಲ್ಲ ಗುಲಬರ್ಗಾದ ಅಂತರ ಕಾಲೇಜು ಕ್ರೀಡಾಕೂಟಕ್ಕೆ ಬರುತ್ತಿದ್ದವು. 2010ರಲ್ಲಿ ಬಳ್ಳಾರಿಗೆ, 2021ರ ವೇಳೆಗೆ ರಾಯಚೂರಿಗೆ, 2023ರಲ್ಲಿ ಬೀದರಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯಗಳಾದವು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಹೀಗಾಗಿ ಒಂದೇ ತಾಲ್ಲೂಕಿನ ಇಬ್ಬರು ಗೆಳೆಯರು ಎರಡು ವಿಶ್ವವಿದ್ಯಾಲಯಗಳ ಅಂಗಿ ತೊಟ್ಟು ಎದುರುಬದುರಾಗಬಹುದು. ಇದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. ತಂಡಗಳು ಹೆಚ್ಚಾದಷ್ಟು ವಿಶ್ವವಿದ್ಯಾಲಯದ ಅಂಗಿ ತೊಡುವವರ ಸಂಖ್ಯೆ ಹೆಚ್ಚುತ್ತದೆ. ಆದರೆ ಬಳ್ಳಾರಿ, ರಾಯಚೂರುಗಳ ಗಟ್ಟಿ ಆಟಗಾರರ ಎದುರು ಕಾಲೇಜು ಹಂತದಲ್ಲಿಯೇ ಪಳಗುವ ಅವಕಾಶ ತಪ್ಪುತ್ತದೆ.

ಈ ವಿಂಗಡಣೆ ಆಡಳಿತಕ್ಕಾಗಿ ಆದದ್ದು. ದೂರದರ್ಶನದ ಹಣ ಕಾಲೇಜಿನ ಅಂಗಳದ ಪಕ್ಕದಿಂದ ಹಾದುಹೋಗುತ್ತದೆ, ಒಳಗೆ ಬರುವುದು ಅಪರೂಪ. ಅದು ಊರಿನ ಹೆಸರನ್ನು ತೆಗೆದುಕೊಳ್ಳುತ್ತದೆ, ಊರಿಗೆ ಆಟವನ್ನು ತರುವುದಿಲ್ಲ. 2022ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮಹಾರಾಜ ಟ್ರೋಫಿಯನ್ನು ಮನೀಷ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್ ಗೆದ್ದಿತು. ನಮಗೆಲ್ಲ ಹೆಮ್ಮೆಯಾಯಿತು. ಆದರೆ ಆ ವರ್ಷದ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಕಿರೀಟ ಗೆದ್ದ ಬೆಂಗಳೂರು ಬುಲ್ಸ್ ತಂಡಕ್ಕೂ 2024ರ ಆವೃತ್ತಿಯಲ್ಲಿ ತನ್ನ ಊರಿನಲ್ಲಿ ಒಂದು ಪಂದ್ಯವೂ ಇರಲಿಲ್ಲ. ಆ ಸಲದ ಆಟ ಹೈದರಾಬಾದ್, ನೋಯ್ಡಾ, ಪುಣೆಗಳಲ್ಲಿ ನಡೆಯಿತು. ಕ್ಯಾಮೆರಾಗಳನ್ನು ಹನ್ನೆರಡು ಊರುಗಳಿಗೆ ಒಯ್ಯುವುದಕ್ಕಿಂತ ಆಟಗಾರರನ್ನು ಮೂರು ಊರುಗಳಿಗೆ ಕರೆಸುವುದು ಅಗ್ಗ. ಅಭಿಮಾನಿ ಮೈದಾನದಲ್ಲಿರುವುದಕ್ಕಿಂತ ಪರದೆಯ ಮುಂದಿರುವುದೇ ಅವರ ಲೆಕ್ಕಕ್ಕೆ ಮುಖ್ಯ.

ಹಾಗಾದರೆ ಜೇವರ್ಗಿಯ ಒಬ್ಬ ಹುಡುಗ, ಅಫಜಲಪುರದ ಒಬ್ಬ ಹುಡುಗಿ ಏನು ಮಾಡಬೇಕು? ಕೆಲವು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಲೀಗ್ ಒಂದು ಕಿರುಬಾಗಿಲು. ಹನ್ನೆರಡು ತಂಡಗಳಿಗೆ ಇಡೀ ದೇಶದಿಂದ ಬೇಕಾಗುವವರು ಕೆಲವು ನೂರು ಮಂದಿ ಮಾತ್ರ. ಅದರಲ್ಲಿ ಮಹಿಳೆಯರಿಗೆ ಸ್ಥಾನವಿಲ್ಲ. ಆದರೆ ರೈಲ್ವೆ, ಪೊಲೀಸ್, ಬ್ಯಾಂಕುಗಳ ಕ್ರೀಡಾ ಕೋಟಾದ ಬಾಗಿಲು ಹುಡುಗಿಯರಿಗೂ ತೆರೆದಿದೆ. ಅಲ್ಲಿಗೆ ಹೋಗಲು ಅಂತರ ವಿಶ್ವವಿದ್ಯಾಲಯ ಪಂದ್ಯಗಳ ಪ್ರಮಾಣಪತ್ರಕ್ಕೆ ಬೆಲೆಯಿದೆ. ಆದ್ದರಿಂದ ಆಟಕ್ಕಾಗಿ ಪದವಿಯನ್ನು ಅರ್ಧಕ್ಕೆ ಬಿಡಬೇಡಿ. ಮೊಣಕಾಲಿನ ಒಂದು ಪೆಟ್ಟು ಆಟವನ್ನು ನಿಲ್ಲಿಸಬಲ್ಲದು, ಪದವಿಯನ್ನು ಕಸಿಯಲಾರದು.

ಎರಡನೆಯದು, ಕೇಳುವುದನ್ನು ಕಲಿಯಿರಿ. ಪ್ರವೇಶದ ಸಮಯದಲ್ಲಿ ನೀವು ಕಟ್ಟುವ ಶುಲ್ಕದಲ್ಲಿ ಕ್ರೀಡಾ ಶುಲ್ಕವೂ ಇರುತ್ತದೆ. ಅದರಿಂದ ಏನು ಕೊಂಡರು, ಕಾಲೇಜಿಗೆ ಒಂದು ಮ್ಯಾಟ್ ತರಲು ಸಾಧ್ಯವೆ, ಮೂರು ತಾಲ್ಲೂಕುಗಳ ಕಾಲೇಜುಗಳು ಸೇರಿ ಒಂದನ್ನು ಹಂಚಿಕೊಳ್ಳಬಹುದೆ ಎಂದು ವಿನಯದಿಂದ, ಆದರೆ ಬಿಡದೆ ಕೇಳಿ.

ಮೂರನೆಯದು, ನೋಡುಗರಾದ ನಮ್ಮೆಲ್ಲರಿಗೂ ಸಂಬಂಧಿಸಿದ್ದು. ಪ್ರಸಾರದ ಹಕ್ಕಿಗೆ ಬೆಲೆ ಬರುವುದು ನಾವು ಕುಳಿತು ನೋಡುವುದರಿಂದ. ವರ್ಷದಲ್ಲಿ ಕೆಲವು ಸಂಜೆಗಳನ್ನಾದರೂ ಪರದೆಯನ್ನು ಆರಿಸಿ ನಿಮ್ಮದೇ ಕಾಲೇಜಿನ ಪಂದ್ಯಕ್ಕೆ ಹೋಗಿ. ಅಂಕಣದ ಸುತ್ತ ಇನ್ನೂರು ಜನ ನಿಂತರೆ ಆಡುವವನ ಉಸಿರು ಗಟ್ಟಿಯಾಗುತ್ತದೆ. ಪ್ರಾಚಾರ್ಯರ ಗಮನವೂ ಅತ್ತ ಹರಿಯುತ್ತದೆ.

ಹಣವನ್ನು ಹಳಿಯುವುದು ಈ ಭಾಷಣದ ಉದ್ದೇಶವಲ್ಲ. ಬಡವರ ಆಟವೆಂದು ಕಡೆಗಣಿಸಲ್ಪಟ್ಟಿದ್ದ ಕಬಡ್ಡಿಗೆ ಮರ್ಯಾದೆ ತಂದುಕೊಡುವುದರಲ್ಲಿ ಅದರ ಪಾಲೂ ಇದೆ. ಆದರೆ ಕಾಲುವೆಯ ನೀರು ಕೊನೆಯ ಹೊಲಕ್ಕೂ ತಲುಪಿದಾಗಲೇ ನೀರಾವರಿ ಸಾರ್ಥಕ. ಭೀಮಾ ತೀರದ ರೈತನ ಮಕ್ಕಳಾದ ನಿಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.