ಸಗಣಿಯ ಬೂದಿಯಲ್ಲಿ ಗೊರಸಿನ ಗುರುತು

ಮಕ್ಕಳೇ, ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರಿದೆ. ಅಲ್ಲಿ ರಸ್ತೆಯ ಮಗ್ಗುಲಲ್ಲೇ ಬೂದು ಬಣ್ಣದ ದೊಡ್ಡ ದಿಬ್ಬವೊಂದಿದೆ. ಆ ಸೀಮೆಯ ನೆಲ ಕಪ್ಪು ಎರೆ, ಇಲ್ಲವೇ ಕೆಂಪು ಮಸಾರಿ. ಈ ದಿಬ್ಬ ಮಾತ್ರ ಬರೀ ಬೂದಿ. ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಮತ್ತು ಪಕ್ಕದ ಆಂಧ್ರ, ತೆಲಂಗಾಣಗಳಲ್ಲಿ ಇಂಥ ಬೂದಿದಿಬ್ಬಗಳು ನೂರಕ್ಕೂ ಹೆಚ್ಚು ಸಿಕ್ಕಿವೆ.

ಇಷ್ಟೊಂದು ಬೂದಿ ಎಲ್ಲಿಂದ ಬಂತು? ಹಂಪಿಯ ಹತ್ತಿರದ ನಿಂಬಾಪುರದಲ್ಲಿ ಕೇಳಿದರೆ, ಅದು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಬೇರೆ ಕಡೆ ರಕ್ಕಸರ ಹೆಸರು ಹೇಳುತ್ತಾರೆ. ಈ ಕಥೆಗಳನ್ನು ಕೇಳಿ ನಕ್ಕುಬಿಡಬೇಡಿ. ಇದು ಮಣ್ಣಲ್ಲ, ಏನನ್ನೋ ಸುಟ್ಟು ಉಳಿದದ್ದು ಎಂದು ಊರಿನವರು ಸರಿಯಾಗಿಯೇ ಗಮನಿಸಿದ್ದರು. ಓದಿದವರ ಊಹೆಗಳೂ ಹಲವಿದ್ದವು. ಜ್ವಾಲಾಮುಖಿ ಎಂದರು ಕೆಲವರು, ಲೋಹ ಕರಗಿಸುವ ಕುಲುಮೆ ಎಂದರು ಇನ್ನು ಕೆಲವರು.

ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯನ್ನು ಸುತ್ತಿದರು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿದವರು ಇವರೇ. ಬೂದಿದಿಬ್ಬಗಳನ್ನು ನೋಡಿದ ಫೂಟ್, ಇದು ದನಗಳ ಸಗಣಿ ಸುಟ್ಟ ಬೂದಿ ಎಂದರು. ಮುಂದೆ ಪ್ರಯೋಗಾಲಯದ ಪರೀಕ್ಷೆಗಳೂ ಅದನ್ನೇ ಹೇಳಿದವು. ಹುಲ್ಲು ನೆಲದಿಂದ ನೀರಿನ ಜೊತೆಗೆ ಸಿಲಿಕಾವನ್ನೂ ಹೀರುತ್ತದೆ. ಅದು ಹುಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನಂಥ ಕಣವಾಗಿ ಕೂರುತ್ತದೆ. ದನದ ಹೊಟ್ಟೆಯಲ್ಲಿ ಅದು ಜೀರ್ಣವಾಗುವುದಿಲ್ಲ, ಸಾಧಾರಣ ಬೆಂಕಿಯಲ್ಲಿ ಸುಡುವುದೂ ಇಲ್ಲ. ಬೂದಿಯಲ್ಲಿ ಹಾಗೇ ಉಳಿಯುತ್ತದೆ. ಬೆಂಕಿ ತುಂಬ ಜೋರಾದರೆ ಕರಗಿ ಗಟ್ಟಿ ಕಿಟ್ಟವಾಗುತ್ತದೆ. ಬೂದಿದಿಬ್ಬಗಳಲ್ಲಿ ಅಂಥ ಕಿಟ್ಟದ ಗಟ್ಟಿಗಳೂ ಇವೆ.

1957ರಲ್ಲಿ ಎಫ್. ಆರ್. ಆಲ್ಚಿನ್ ಎಂಬ ಪುರಾತತ್ತ್ವಜ್ಞ, ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು ಅಗೆದರು. ಪದರ ಪದರವಾಗಿ ಬೂದಿ ತೆಗೆಯುತ್ತ ಹೋದಂತೆ ಮರದ ಗೂಟ ನೆಟ್ಟಿದ್ದ ಕುಳಿಗಳು ಸಾಲಾಗಿ ಕಂಡವು. ಗೂಟ ಕೊಳೆತುಹೋಗಿ ಎಷ್ಟೋ ಕಾಲವಾಗಿತ್ತು, ಕುಳಿ ಉಳಿದಿತ್ತು. ಅದು ದನದ ದೊಡ್ಡಿಯ ಬೇಲಿ. ಬೂದಿಯ ಪದರದ ಮೇಲೆ ದನಗಳ ಗೊರಸಿನ ಗುರುತುಗಳೂ ಇದ್ದವು! ನನಗೆ ಈ ಇಡೀ ಶೋಧದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಒಂದು ಹಸು ಹೆಜ್ಜೆ ಇಟ್ಟದ್ದು ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷ ಅಳಿಯದೆ ಉಳಿದಿತ್ತು. ಬೂದಿಯ ಮೇಲೆ ಗೊರಸು ಮೂಡಿದೆ ಎಂದರೆ, ಸುಟ್ಟ ಮೇಲೆ ದನಗಳು ಮತ್ತೆ ಅದೇ ದೊಡ್ಡಿಗೆ ಬಂದಿವೆ. ಸಗಣಿ ಬಿದ್ದಿದೆ, ಮತ್ತೆ ಸುಟ್ಟಿದ್ದಾರೆ. ಹೀಗೆ ಹಲವು ಬಾರಿ ನಡೆದಿದೆ.

ಈಗ ರೈತರ ಮನೆಯ ಮಕ್ಕಳಿಗೆ ಒಂದು ಸಂಶಯ ಬರಬೇಕು. ಸಗಣಿಯೆಂದರೆ ಹೊಲಕ್ಕೆ ಗೊಬ್ಬರ, ಒಲೆಗೆ ಕುಳ್ಳು. ಅದನ್ನು ಯಾರಾದರೂ ರಾಶಿ ಹಾಕಿ ಸುಮ್ಮನೆ ಸುಡುತ್ತಾರೆಯೇ? ಈ ಪ್ರಶ್ನೆ ಕೇಳಿದ ಕೂಡಲೇ ನೀವು ಮಾನವಶಾಸ್ತ್ರದೊಳಗೆ ಬಂದಿರಿ. ಮನುಷ್ಯರು ಹೇಗೆ ಬದುಕುತ್ತಾರೆ, ಹಾಗೇ ಏಕೆ ಬದುಕುತ್ತಾರೆ ಎಂದು ವಿಚಾರಿಸುವ ವಿಜ್ಞಾನ ಅದು. ಬದುಕಿರುವವರ ಜೊತೆ ಕೂತು ಮಾತಾಡಬಹುದು. ಬರಹವೇ ಇಲ್ಲದ ಕಾಲದವರನ್ನು ಕೇಳುವುದು ಹೇಗೆ? ಅವರು ಬಿಟ್ಟುಹೋದ ವಸ್ತುಗಳನ್ನೂ ಇಂದು ದನ, ಕುರಿ ಸಾಕುವವರ ಬಾಳುವೆಯನ್ನೂ ಜೊತೆಗಿಟ್ಟು ನೋಡಬೇಕು.

ಆಲ್ಚಿನ್ ಹಾಗೇ ನೋಡಿದರು. ಹೋಳಿಯ ಬೆಂಕಿ, ದೀಪಾವಳಿಯ ಬೆಂಕಿ, ಸಂಕ್ರಾಂತಿಯ ಬೆಂಕಿ ಅವರ ಗಮನಕ್ಕೆ ಬಂದವು. ಮೈಸೂರು, ಮಂಡ್ಯದ ಕಡೆ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಆ ಕಾಲದ ಜನರೂ ವರ್ಷದ ಯಾವುದೋ ಹೊತ್ತಿನಲ್ಲಿ ದನಗಳ ಒಳಿತಿಗೆಂದು ದೊಡ್ಡಿಗೆ ಬೆಂಕಿಯಿಟ್ಟು ಹಬ್ಬ ಮಾಡುತ್ತಿದ್ದಿರಬಹುದು ಎಂದರು ಅವರು. ಇದು ಚೆಂದದ ಊಹೆ. ಆದರೆ ಊಹೆಯೇ. ಇಂದಿನ ಹಬ್ಬವನ್ನು ಎತ್ತಿ ಅಷ್ಟು ಹಿಂದಕ್ಕೆ ಇಟ್ಟುಬಿಡುವಂತಿಲ್ಲ. ನಡುವೆ ಎಷ್ಟೋ ತಲೆಮಾರುಗಳು ಬಂದು ಹೋಗಿವೆ.

ಆಮೇಲೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಸುರಪುರದ ಕಡೆಯ ಬೂದಿಹಾಳದಲ್ಲಿ ಅಗೆದರು. ಅವರು ಬೂದಿಯ ರಾಶಿಯನ್ನಷ್ಟೇ ನೋಡಲಿಲ್ಲ, ಅದರ ಸುತ್ತಮುತ್ತಲನ್ನೂ ನೋಡಿದರು. ಪಕ್ಕದಲ್ಲೇ ಜನ ವಾಸವಿದ್ದ ಮನೆಗಳ ಕುರುಹು ಸಿಕ್ಕಿತು. ದನ ಕೂಡುವ ಜಾಗ, ಮಾಂಸ ಕಡಿಯುತ್ತಿದ್ದ ನೆಲ, ಕಲ್ಲಿನ ಅಲಗು ತಯಾರಿಸುತ್ತಿದ್ದ ಜಾಗ ಎಲ್ಲ ಬೇರೆ ಬೇರೆಯಾಗಿ ಗುರುತಾದವು. ಅಂದರೆ ಅಲ್ಲೊಂದು ಹಟ್ಟಿಯೇ ಇತ್ತು. ತೀರಿಹೋದ ಪುಟ್ಟ ಮಕ್ಕಳನ್ನು ಆ ಹಟ್ಟಿಯವರು ಮಡಕೆಯಲ್ಲಿಟ್ಟು ಹೂಳಿದ್ದರು. ಆ ತಾಯಂದಿರು ಏನು ಹೇಳಿ ಅತ್ತರೋ, ಮಣ್ಣು ಅದನ್ನು ಹೇಳಲಾರದು. ಮಗುವನ್ನು ಎಲ್ಲೋ ಎಸೆಯದೆ ಜತನದಿಂದ ಇಟ್ಟರು ಎಂಬುದನ್ನು ಹೇಳುತ್ತದೆ.

ಅವರು ಏನು ಉಣ್ಣುತ್ತಿದ್ದರು? ಒಲೆಯ ಬಳಿ ಬಿದ್ದು ಕರಿಕಾದ ಕಾಳು ಕೊಳೆಯುವುದಿಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲಿನಂಥ ನೆಲೆಗಳ ಮಣ್ಣನ್ನು ನೀರಿಗೆ ಹಾಕಿ ಕದಡಿದಾಗ ಅಂಥ ಕಾಳುಗಳು ತೇಲಿಬಂದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುರುಳಿ, ಹೆಸರು, ಕೊರಲೆ! ಇಂದಿಗೂ ನಮ್ಮ ಅಡುಗೆಮನೆಯಲ್ಲಿರುವ ಕಾಳುಗಳೇ.

ಸಂಗನಕಲ್ಲಿನ ಪಕ್ಕದ ಕಪ್ಪಗಲ್ಲಿನ ಗುಡ್ಡದಲ್ಲಿ ಕರಿಬಂಡೆಗಳಿವೆ. ಅವುಗಳ ಮೇಲೆ ಹಿಣಿಲು ಎದ್ದ, ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಅಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಜಾಗಟೆಯಂತೆ ನಾದ ಬರುತ್ತದೆ, ಮತ್ತೆ ಮತ್ತೆ ತಟ್ಟಿ ಸವೆದ ಕುಳಿಗಳೂ ಇವೆ. ಅಲ್ಲಿ ಕಲ್ಲು ಗಣಿಗಾರಿಕೆಯಿಂದ ಎಷ್ಟೋ ಹಾಳಾಗಿದೆ. ನೆನೆದರೆ ಸಂಕಟವಾಗುತ್ತದೆ. ಒಡೆದ ಬಂಡೆಯನ್ನು ಯಾವ ವಿಜ್ಞಾನವೂ ಮತ್ತೆ ನುಡಿಸಲಾರದು.

ಈ ನೆಲೆಗಳಲ್ಲಿ ಸಿಕ್ಕ ಕಲ್ಲಿನ ಕೊಡಲಿಗಳನ್ನೂ ಮಡಕೆಗಳನ್ನೂ ನೋಡಬೇಕೆನಿಸಿದರೆ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಹೊಲದಲ್ಲೋ ಗುಡ್ಡದಲ್ಲೋ ನಿಮಗೇ ಅಂಥ ನುಣುಪಾದ ಕೊಡಲಿಕಲ್ಲು ಕಂಡರೆ ಜೇಬಿಗೆ ಹಾಕಿಕೊಳ್ಳಬೇಡಿ. ಇದ್ದಲ್ಲೇ ಬಿಟ್ಟು, ಜಾಗದ ಚಿತ್ರ ಬರೆದುಕೊಂಡು, ಪಕ್ಕದಲ್ಲಿ ಮಡಕೆ ಚೂರು, ಮೂಳೆ, ಬೂದಿ ಇದೆಯೇ ಎಂದು ನೋಡಿ ಗುರುತು ಹಾಕಿಕೊಳ್ಳಿ. ಆಮೇಲೆ ನಿಮ್ಮ ಮೇಷ್ಟ್ರಿಗೋ ಟೀಚರಿಗೋ ಹೇಳಿ. ಜಾಗ ತಪ್ಪಿದ ಕೊಡಲಿ ಬರೀ ಕಲ್ಲು. ಅದು ಯಾರ ಮನೆಯದು, ದೊಡ್ಡಿಯದೋ ಒಲೆಯ ಬದಿಯದೋ ಎಂದು ತಿಳಿಯುವುದು ಅದು ಬಿದ್ದಿದ್ದ ಜಾಗದಿಂದ.